ಮಗ್ಗ ಹೂಡುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿ ಖಾಲಿ ಇರುವುದಿಲ್ಲ ಮಗಾ. ನಿನ್ನ ವಯಸ್ಸಿನ ಹುಡುಗರು, ಹುಡುಗಿಯರು, ಅವರ ಹಿಂದೆ ಹೆಗಲಿಗೆ ಟವೆಲ್ ಹಾಕಿಕೊಂಡ ಅಪ್ಪಂದಿರು ಬಂದು ಕೂರುತ್ತಾರೆ. ಮೂವತ್ತು ವರ್ಷ ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿದವನು ನಾನು, ಈ ಕಡೆ ಸುಮಾರು ಮನೆಗಳಲ್ಲಿ ನನ್ನ ಕೈಯಲ್ಲಿ ಕಲಿತವರೊಬ್ಬರಾದರೂ ಇದ್ದಾರೆ. ಬಂದವರೆಲ್ಲ ಕೇಳುವುದು ಒಂದೇ: "ಸಾ, ಮುಂದೆ ಏನ್ ಓದಿಸೋಣ?" ನಾನು ತಿರುಗಿ ಕೇಳುವುದೂ ಒಂದೇ: "ಯಾವ ಕೆಲಸಕ್ಕೆ?" ಅಲ್ಲಿಗೆ ಮಾತು ನಿಂತುಹೋಗುತ್ತದೆ. ಅಪ್ಪ ಮಗನ ಮುಖ ನೋಡುತ್ತಾನೆ, ಮಗ ನೆಲ ನೋಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ಹೇಳುತ್ತಾನೆ: "ಎಲ್ಲಿವರೆಗೆ ಓದ್ತಾನೋ ಓದ್ಲಿ ಬಿಡಿ ಸಾ."

ಈ ಮಾತಿನ ಹಿಂದೆ ಪ್ರೀತಿ ಇದೆ, ಅದು ನನಗೆ ಗೊತ್ತು. ಆದರೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಎಷ್ಟೋ ಮಕ್ಕಳ ಹತ್ತು ವರ್ಷವನ್ನು ತಿಂದದ್ದೂ ಇದೇ ಮಾತು.

ಮೊಳಕಾಲ್ಮೂರಿನಲ್ಲಿ ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮೊದಲೇ ಎಲ್ಲ ತೀರ್ಮಾನವಾಗಿರಬೇಕಿತ್ತು. ಹಾಸು ಎಷ್ಟುದ್ದ, ಒಡಲಿಗೆ ಎಷ್ಟು ಎಳೆ, ಅಂಚಿಗೆ ಎಷ್ಟು, ಸೆರಗಿಗೆ ಯಾವ ಬಣ್ಣ, ಜರಿ ಎಲ್ಲಿಂದ ಶುರು. ಅರ್ಧ ನೇಯ್ದಮೇಲೆ ಅಂಚು ಇನ್ನೂ ನಾಲ್ಕು ಬೆರಳು ಅಗಲವಾಗಲಿ ಎಂದರೆ ಆಗದು. ಹಾಸಿನಲ್ಲಿ ಇರುವಷ್ಟೇ ಎಳೆ. ಯಾರಿಗೆ ಸೀರೆ, ಎಂಥ ಸೀರೆ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಅಪ್ಪ ಮಗ್ಗ ಹೂಡುತ್ತಿದ್ದ. ಮಕ್ಕಳ ಓದಿಗೆ ಮಾತ್ರ ನಾವು ಈ ಬುದ್ಧಿಯನ್ನು ಬಳಸುವುದಿಲ್ಲ. ಮೊದಲು ನೇಯಿಸುತ್ತೇವೆ, ನೇಯ್ಗೆ ಮುಗಿದ ಮೇಲೆ ಇದು ಸೀರೆಯೋ ಪಂಚೆಯೋ ಎಂದು ಕೇಳುತ್ತೇವೆ.

ನಮ್ಮ ಕಾವಲಿನ ಕಥೆಯಿಂದಲೇ ಹೇಳುತ್ತೇನೆ, ಅದು ನಿನ್ನ ಕಣ್ಣೆದುರೇ ಇದೆ. ಕುದಾಪುರ, ಉಳ್ಳಾರ್ತಿ, ವರವು ಎಂದರೆ ನನ್ನ ಹುಡುಗತನದಲ್ಲಿ ಅಮೃತಮಹಲ್ ಕಾವಲು, ಹುಲ್ಲು, ದನ, ಕುರಿ ಮಂದೆ. ಅಲ್ಲಿನ ಸಾವಿರಾರು ಎಕರೆ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಊರಿನವರು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಅವರ ಸಂಕಟ ಸುಳ್ಳಲ್ಲ. ಕುರಿ ಕಟ್ಟಿದವನಿಗೆ ಹುಲ್ಲೇ ಬ್ಯಾಂಕು. ಈಗ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಎರಡನೇ ಆವರಣವಿದೆ, ಬಿಎಆರ್‌ಸಿ ಮತ್ತು ಇಸ್ರೊಗೂ ಜಾಗ ಸಿಕ್ಕಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಆ ರನ್‌ವೇ ಮೇಲೆ ಇಸ್ರೊದವರು ರೆಕ್ಕೆಯಿರುವ ಮರುಬಳಕೆ ಉಡಾವಣಾ ವಾಹನವನ್ನು ಮೂರು ಸಲ ಇಳಿಸಿದರು: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ, ಬ್ರೇಕ್ ಹಿಡಿದು ನಿಂತಿತು.

ಇದು ಪತ್ರಿಕೆಯಲ್ಲಿ ಬಂದ ದಿನ ನಾಯಕನಹಟ್ಟಿ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಹೇಳಿದ: "ಅಲ್ಲಿ ನಮ್ಗೇನೈತೆ ಸಾ? ಒಂದಾ ವಿಜ್ಞಾನಿ ಆಗ್ಬೇಕು, ಇಲ್ಲಾಂದ್ರೆ ಗೇಟ್ ಕಾಯ್ಬೇಕು."

ಆ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ. ಏಕೆಂದರೆ ಆ ಎರಡರ ನಡುವೆ ಇರುವ ಮೆಟ್ಟಿಲುಗಳನ್ನು ಅವನಿಗೆ ಹತ್ತು ವರ್ಷದ ಶಾಲೆಯಲ್ಲಿ ಯಾರೂ ತೋರಿಸಿರಲಿಲ್ಲ. ಆ ವಾಹನದ ಚಕ್ರ ಜೋಡಿಸುವ, ತಂತಿ ಬೆಸೆಯುವ, ಬೋಲ್ಟ್ ಬಿಗಿಯುವ ಕೆಲಸ ಇರುತ್ತದಲ್ಲ, ಆ ಜಾತಿಯ ಕೆಲಸಕ್ಕೆ ಬೇಕಾದದ್ದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ. ಇಸ್ರೊದಲ್ಲಿ ಟೆಕ್ನಿಷಿಯನ್ ಹುದ್ದೆಗೆ ಕೇಳುವುದು ಅದನ್ನೇ, ಡಿಆರ್‌ಡಿಒದಲ್ಲಿಯೂ ಹಾಗೆಯೇ. ಅದರ ಮೇಲಿನ ಮೆಟ್ಟಿಲು ತಾಂತ್ರಿಕ ಸಹಾಯಕನದು. ಅದಕ್ಕೆ ಮೂರು ವರ್ಷದ ಡಿಪ್ಲೊಮಾ, ಕೆಲವು ಹುದ್ದೆಗೆ ಬಿ.ಎಸ್ಸಿ. ಇನ್ನೂ ಮೇಲೆ ಬಿ.ಇ. ಓದಿ, ಗೇಟ್ ಪರೀಕ್ಷೆ ಬರೆದವರ ವಿಜ್ಞಾನಿ ಹುದ್ದೆ. ಬಿಎಆರ್‌ಸಿಯವರು ಡಿಪ್ಲೊಮಾ ಅಥವಾ ಬಿ.ಎಸ್ಸಿ. ಆದವರನ್ನು ಒಂದು ವರ್ಗದಲ್ಲಿ, ಐಟಿಐ ಅಥವಾ ವಿಜ್ಞಾನದ ಪಿಯುಸಿ ಆದವರನ್ನು ಇನ್ನೊಂದು ವರ್ಗದಲ್ಲಿ ತೆಗೆದುಕೊಂಡು, ಸ್ಟೈಪೆಂಡ್ ಕೊಟ್ಟು ಕಲಿಸುತ್ತಾರೆ. ಒಂದೇ ಬೇಲಿಯ ಒಳಗೆ ಇಷ್ಟು ಬಾಗಿಲು. ಪ್ರತಿ ಬಾಗಿಲಿಗೂ ಬೇರೆ ಬೇರೆ ಓದು.

ಸುಳ್ಳು ಆಸೆ ಹುಟ್ಟಿಸಲಾರೆ. ಈ ಹುದ್ದೆಗಳಿಗೆ ಇಡೀ ದೇಶದ ಮಕ್ಕಳು ಅರ್ಜಿ ಹಾಕುತ್ತಾರೆ. ಚಳ್ಳಕೆರೆಯವನು ಎಂದು ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ, ಆಯ್ಕೆಯಾದರೂ ಕೆಲಸ ಎಲ್ಲಿಗೋ ಬೀಳಬಹುದು. ಆದರೆ ಆ ಬಾಗಿಲು ತೆರೆಯದಿದ್ದರೂ ಕಲಿತ ಕಸುಬು ಹಾಳಾಗುವುದಿಲ್ಲ. ಅದೇ ಫಿಟ್ಟರ್, ಎಲೆಕ್ಟ್ರಿಷಿಯನ್ ಪ್ರಮಾಣಪತ್ರವನ್ನು ರೈಲ್ವೆಯವರು ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಕೇಳುತ್ತಾರೆ, ಕಾರ್ಖಾನೆಯವರೂ ಕೇಳುತ್ತಾರೆ. ಐಟಿಐ ಎಂದರೆ ತುಕ್ಕು ಹಿಡಿದ ಲೇತು ಎಂದುಕೊಂಡಿದ್ದರೆ ಅದೂ ಹಳೆಯ ಮಾತು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರ, ಹೊಸ ಪಾಠ ತಂದರು. ಒಂದು ಮಾತು ಮಾತ್ರ ಗಂಟು ಹಾಕಿಕೋ: ಸೇರುವ ಐಟಿಐ, ಸೇರುವ ಟ್ರೇಡ್ ಎರಡಕ್ಕೂ ಎನ್‌ಸಿವಿಟಿ ಮಾನ್ಯತೆ ಇರಬೇಕು. ಆ ನಾಲ್ಕಕ್ಷರದ ಗಮನವಿಲ್ಲದೆ ಎರಡು ವರ್ಷ ಕಳೆದು, ಅರ್ಜಿ ತುಂಬುವ ದಿನ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಭಯ ನಿಮ್ಮ ಅಪ್ಪ ಅವ್ವನಿಗೆ ಇರುತ್ತದೆ: ಐಟಿಐ ಸೇರಿಸಿದರೆ ಮಗನ ಓದು ಅಲ್ಲಿಗೇ ಮುಗಿಯಿತು ಎಂದು. ಮುಗಿಯುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು. ನಮ್ಮ ಕಡೆಯ ಮನೆಗಳಿಗೆ ಈ ದಾರಿಯೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವದ ಮಾತು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಓದು ನಿಲ್ಲಿಸಬೇಕಾಗಿ ಬಂದರೂ, ಆ ಹೊತ್ತಿಗೆ ಕೈಯಲ್ಲಿ ಒಂದು ಕಸುಬು ಇರುತ್ತದೆ. ಎರಡು ವರ್ಷ ದುಡಿದು, ಮತ್ತೆ ಅಲ್ಲಿಂದಲೇ ಹತ್ತಬಹುದು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟುಬಂದವನ ಕೈಯಲ್ಲಿ ಏನಿರುತ್ತದೆ ಹೇಳು?

ಇದನ್ನು ಕಲಿಯಲು ನಾನೇ ಒಂದು ತಪ್ಪು ಮಾಡಬೇಕಾಯಿತು. ನನ್ನ ತಂಗಿಯ ಮಗ ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತರ ಮೇಲೆ ಅಂಕ ತೆಗೆದ. ಮನೆಯಲ್ಲಿ ಹಬ್ಬ. ಇಷ್ಟು ಅಂಕ ಬಂದಮೇಲೆ ಸೈನ್ಸೇ ಎಂದು ಹಟ ಹಿಡಿದು ಪಿಯು ವಿಜ್ಞಾನಕ್ಕೆ ಸೇರಿಸಿದವನು ನಾನು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗ. ಮೊದಲ ದಿನದಿಂದಲೇ ಭೌತಶಾಸ್ತ್ರ, ರಸಾಯನಶಾಸ್ತ್ರ ಇಂಗ್ಲಿಷಿನಲ್ಲಿ. ಅವನಿಗೆ ಚಿಕ್ಕಂದಿನಿಂದ ಮೋಟಾರು, ಪಂಪ್‌ಸೆಟ್ಟು ಬಿಚ್ಚಿ ನೋಡುವ ಹುಚ್ಚಿತ್ತು. ಕೊಳವೆಬಾವಿಯ ಸ್ಟಾರ್ಟರ್ ಕೆಟ್ಟರೆ ಊರವರು ಅವನನ್ನೇ ಕರೆಯುತ್ತಿದ್ದರು. ಅದನ್ನು ದಿನಾ ಕಂಡೂ ನಾನು ಕಾಣಲಿಲ್ಲ, ಅಂಕಪಟ್ಟಿಯನ್ನು ಮಾತ್ರ ಕಂಡೆ. ದ್ವಿತೀಯ ಪಿಯುಸಿಯಲ್ಲಿ ಮೂರು ವಿಷಯ ಹೋಯಿತು. ಎರಡು ವರ್ಷ ಅವನು ಮನೆಯಿಂದ ಹೊರಗೆ ಮುಖ ತೋರಿಸಲಿಲ್ಲ. ಆಮೇಲೆ ಎಲೆಕ್ಟ್ರಿಷಿಯನ್ ಟ್ರೇಡಿಗೆ ತಾನೇ ಅರ್ಜಿ ಹಾಕಿದ. ಈಗ ಸೌರ ವಿದ್ಯುತ್ ಘಟಕವೊಂದರಲ್ಲಿ ಕೆಲಸದಲ್ಲಿದ್ದಾನೆ, ಇಬ್ಬರು ಹುಡುಗರಿಗೆ ಕೆಲಸ ಕಲಿಸಿದ್ದಾನೆ. ಆದರೆ ಹೋದ ಆ ವರ್ಷಗಳು ನನ್ನ ಲೆಕ್ಕದಲ್ಲಿವೆ.

ಅಂಕದ ಮಾತು ಬಂತು, ಅದಕ್ಕೇ ಇದನ್ನೂ ಹೇಳಬೇಕು. 2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಶೇ 96.8 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು, ಆ ಸ್ಥಾನ ಉಡುಪಿಗೆ ಹೋಯಿತು. ನಾನು ಯಾರನ್ನೂ ದೂರುತ್ತಿಲ್ಲ, ಅಂಕವೊಂದನ್ನೇ ನಂಬಬೇಡ ಎನ್ನುತ್ತಿದ್ದೇನೆ. ನಿನ್ನ ಅಂಕ ಎಷ್ಟು ಎಂಬುದಕ್ಕಿಂತ ನಿನಗೆ ಯಾವುದು ಬರುತ್ತದೆ ಎಂಬುದನ್ನು ನೀನೇ ಒಬ್ಬನೇ ಕೂತು ಕೇಳಿಕೊಳ್ಳಬೇಕು. ಫೇಲಾಗಿದ್ದರೂ ವರ್ಷ ಹೋಯಿತು ಎಂದು ಕುರಿ ಹಿಂದೆ ಹೋಗಬೇಡ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು.

ಸರ್ಕಾರಿ ಕೆಲಸವೇ ಬೇಕು ಎನ್ನುವವರು ನಮ್ಮಲ್ಲಿ ಹೆಚ್ಚು. ಬೇಕೆನ್ನುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಹುದ್ದೆಗೆ ಯಾವ ಓದು ಎಂದು ತಿಳಿಯದೆ ಡಿಗ್ರಿ ಮುಗಿಯಲಿ, ನೋಡೋಣ ಎಂದು ಕೂರುವುದು ತಪ್ಪು. ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೇ ತರಗತಿಯ ಅಂಕವೇ ಸಾಕು, ಹದಿನೆಂಟು ತುಂಬಿರಬೇಕು ಅಷ್ಟೇ. ವಿದ್ಯುತ್ ಇಲಾಖೆಯ ಕಿರಿಯ ಪವರ್‌ಮ್ಯಾನ್‌ಗೂ ಎಸ್ಸೆಸ್ಸೆಲ್ಸಿ ಅಂಕ. ಆದರೆ ಎಂಟು ಮೀಟರ್ ಕಂಬ ಹತ್ತಿ ತೋರಿಸಬೇಕು. ನಮ್ಮ ಹಟ್ಟಿಗಳ ಹುಡುಗರಿಗೆ ಕಂಬ ಹತ್ತುವುದು ಕಷ್ಟವೇ? ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್‌ಗೆ ಎಸ್ಸೆಸ್ಸೆಲ್ಸಿ, ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಬ್ ಇನ್‌ಸ್ಪೆಕ್ಟರ್‌ಗೆ ಪದವಿ. ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ, ಪಿಡಿಒಗೆ ಪದವಿ. ಎಸ್‌ಡಿಎಗೆ ಪಿಯುಸಿ, ಎಫ್‌ಡಿಎಗೆ ಪದವಿ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಪರೀಕ್ಷೆ ನಡೆದಾಗ ಪದವೀಧರರೂ ಪಿಯುಸಿಯವರ ಪಕ್ಕದಲ್ಲೇ ಕೂತು ಬರೆದರು. ಅಲ್ಲಿ ಪದವಿಗೆ ಪ್ರತ್ಯೇಕ ಅಂಕವಿಲ್ಲ.

ಪಿಯುಸಿ ಮುಗಿದ ದಿನದಿಂದಲೇ ಒಂದು ಹುದ್ದೆಗೆ ತಯಾರಿ ನಡೆಸುತ್ತ, ಜೊತೆಗೆ ಪದವಿ ಓದಿದರೆ ಅದು ಜಾಣತನ. ಕೆಲಸಕ್ಕೆ ಸೇರಿದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಮೇಲಿನ ಹುದ್ದೆಗೆ ಬರೆದವರೂ ಇದ್ದಾರೆ. ಕೋಚಿಂಗ್ ಎಂದು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ, ಆರೇಳು ವರ್ಷ ಒಂದೇ ಕೊಠಡಿಯಲ್ಲಿ ಕಳೆದು ತಲೆಗೂದಲು ಉದುರಿಸಿಕೊಂಡು ಬಂದವರನ್ನು ಕಂಡರೆ ನನಗೆ ಸಂಕಟ. ಹೋಗುವುದಾದರೆ ಹೋಗು. ಹೋಗುವ ದಿನವೇ ಅಪ್ಪನ ಎದುರು ಒಂದು ತಾರೀಖು ಬರೆದಿಡು: ಇಲ್ಲಿಯವರೆಗೆ ಮಾತ್ರ. ಆ ತಾರೀಖು ಬಂದ ದಿನ ಕೈಯಲ್ಲಿ ಎರಡನೆಯ ದಾರಿ ಇರಲಿ.

ಇನ್ನು ಹೆಣ್ಣುಮಕ್ಕಳ ಮಾತು. ಮಗಳೇ, ಮದುವೆ ಗೊತ್ತಾಗುವವರೆಗೆ ಕಾಲೇಜಿಗೆ ಹೋಗಲಿ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ಮೂರು ವರ್ಷ ನಿನಗೆ ಸಿಗುವುದೇ ನಿಜವಾದರೆ, ಅದನ್ನು ಕೆಲಸ ಕೊಡುವ ಓದಿಗೆ ಕೇಳಿ ತಗೋ. ಪಿಯುಸಿ ನಂತರ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಇದೆ. ಬಿ.ಎಸ್ಸಿ. ನರ್ಸಿಂಗ್ ಬೇಕಾದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಇರಲೇಬೇಕು. ಇದನ್ನು ಪಿಯುಸಿ ಸೇರುವ ದಿನವೇ ತಿಳಿದಿರಬೇಕು, ಮುಗಿದ ಮೇಲಲ್ಲ. ರಕ್ತ ಪರೀಕ್ಷೆಯ ಲ್ಯಾಬು, ಎಕ್ಸ್‌ರೇ, ಆಪರೇಷನ್ ಥಿಯೇಟರಿನ ಕೆಲಸಕ್ಕೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಇದೆ: ಎಸ್ಸೆಸ್ಸೆಲ್ಸಿಯಿಂದಲಾದರೆ ಮೂರು ವರ್ಷ, ವಿಜ್ಞಾನ ಪಿಯುಸಿಯಿಂದಲಾದರೆ ಎರಡು. ದುಡ್ಡು ಕಟ್ಟುವ ಮೊದಲು ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ಲಿನದೋ ಪ್ಯಾರಾಮೆಡಿಕಲ್ ಮಂಡಳಿಯದೋ ಮಾನ್ಯತೆ ಇದೆಯೇ ಎಂದು ಕಾಗದ ಕೇಳಿ ನೋಡು. ಕೇಳಿದರೆ ಸಿಟ್ಟಾಗುವ ಕಾಲೇಜಾದರೆ ಅಲ್ಲಿಂದ ಎದ್ದು ಬಾ.

ಮನೆಯ ಕಸುಬು ಬಿಟ್ಟರೇ ಉದ್ಧಾರ ಎಂದು ಯಾರಾದರೂ ಹೇಳಿದರೆ ನಂಬಬೇಡ. ಕುರಿ ಮೇಯಿಸುವ ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲೇ ಕಲಿಸುತ್ತಾರೆ. ಕೃಷಿ ಬಿ.ಎಸ್ಸಿ.ಗೆ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಮೊಳಕಾಲ್ಮೂರು, ಕೊಂಡ್ಲಹಳ್ಳಿಯ ನೇಕಾರರ ಮಕ್ಕಳೇ, ನಿಮ್ಮ ಊರಿನ ಸೀರೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನ ಕಲಿಸುವ ಸಂಸ್ಥೆ ಇದೆ. ಅಪ್ಪನ ಕೈಯಲ್ಲಿರುವ ವಿದ್ಯೆಗೆ ನೀವು ವಿನ್ಯಾಸ, ಬಣ್ಣಗಾರಿಕೆ, ಮಾರಾಟ ಮೂರನ್ನು ಸೇರಿಸಿದರೆ ಅದೇ ಒಂದು ದೊಡ್ಡ ಓದು. ಆದರೆ ಯಾವ ಕಸುಬಿಗೂ ವಿದ್ಯೆ ಜೊತೆಗಿರಬೇಕು. ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಿದ್ದ ಕಾಲ ನನಗೆ ನೆನಪಿದೆ. ಹಿಂಡಿಯ ವಾಸನೆ ಊರ ತುಂಬ. ಹೊರದೇಶದ ತಾಳೆ ಎಣ್ಣೆ ಬಂತು, ಬರ ಬಂತು, ಎಷ್ಟೋ ಮಿಲ್ಲುಗಳ ಬಾಗಿಲು ಮುಚ್ಚಿತು. ಯಂತ್ರ ರಿಪೇರಿ ಬಲ್ಲವನು ಬೇರೆ ಕಡೆ ಕೆಲಸ ಹುಡುಕಿಕೊಂಡ, ಮೂಟೆ ಹೊರುವುದೊಂದೇ ಬಲ್ಲವನು ಮನೆಯಲ್ಲಿ ಕೂತ. ಅದನ್ನು ಕಣ್ಣಾರೆ ಕಂಡವನು ನಾನು.

ನನ್ನ ಮಾತು ಕೇಳಿ ಓದು ಕಡಿಮೆ ಮಾಡಿ ಎಂದು ಯಾರೂ ತಿಳಿಯಬಾರದು. ಪುಸ್ತಕ ಹಿಡಿದರೆ ಊಟ ಮರೆಯುವ ಮಗು ಇರುತ್ತದೆ. ಅದನ್ನು ಐಟಿಐಗೆ ನೂಕುವುದೂ ಪಾಪವೇ. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ. ಅಂಥ ಮಗು ನಿನ್ನ ಮನೆಯಲ್ಲಿದ್ದರೆ ಎಂ.ಎ., ಎಂ.ಎಸ್ಸಿ.ವರೆಗೆ ಓದಲಿ, ಅದಕ್ಕೂ ಮುಂದೆ ಹೋಗಲಿ. ಹೊಲ ಅಡವಿಟ್ಟಾದರೂ ಓದಿಸು ಎಂದು ನಾನು ಹೇಳುವುದು ಅಂಥ ಮಗುವಿಗೆ ಮಾತ್ರ.

ನನ್ನ ಐಟಿಐ ಹುಡುಗರನ್ನು ಒಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ತಂದೆ ತಾಯಿಯ ಮಾತು ಕೇಳಿ, ಗುರುವನ್ನು ಗೌರವಿಸಿ ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮ ಸೀಮೆಯ ಬಂಡೆ ಹೇಳುವ ಕಿವಿಮಾತು. ಆದರೆ ನಾನು ಹುಡುಗರಿಗೆ ತೋರಿಸಬೇಕೆಂದಿದ್ದದ್ದು ಕೊನೆಯ ಸಾಲು. ಚಪಡ ಎಂಬ ಲಿಪಿಕಾರ ಅಲ್ಲಿ ತನ್ನ ಹೆಸರು ಬರೆದಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ತಾನು ಲಿಪಿಕಾರ ಎನ್ನುವ ಒಂದು ಮಾತನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ರಾಜನ ಆಜ್ಞೆಯ ಕೆಳಗೆ ತನ್ನ ಕಸುಬಿನ ಹೆಸರು ಬರೆಯುವಷ್ಟು ಅಭಿಮಾನ! ಎರಡು ಸಾವಿರದ ಇನ್ನೂರು ವರ್ಷ ದಾಟಿತು, ಆ ಕೈಯ ಕೆಲಸ ಇನ್ನೂ ನಿಂತಿದೆ. ಅಂದು ಬಂಡೆಯ ಮುಂದೆ ನನ್ನ ಹುಡುಗರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ಕೊನೆಗೆ ಕಾಗದಗಳ ಮಾತು, ಇದನ್ನು ಹಗುರವಾಗಿ ನೋಡಬೇಡ. ಸಿಇಟಿ ಸೀಟುಗಳಲ್ಲಿ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಅರ್ಜಿಯಲ್ಲಿ ಗುರುತು ಹಾಕದಿದ್ದರೆ, ಪ್ರಮಾಣಪತ್ರ ಇಲ್ಲದಿದ್ದರೆ ಅದು ನಿನಗಿಲ್ಲ. ರಾಂಪುರದಾಚೆ ಬಳ್ಳಾರಿ ಜಿಲ್ಲೆಯ ನಿನ್ನ ಗೆಳೆಯನಿಗೆ ಸಂವಿಧಾನದ 371ಜೆ ವಿಧಿಯ ಅಡಿ ಸ್ಥಳೀಯ ಮೀಸಲಾತಿ ಸಿಗುತ್ತದೆ, ಮೊಳಕಾಲ್ಮೂರಿನ ನಿನಗೆ ಸಿಗುವುದಿಲ್ಲ. ಅವನ ಲೆಕ್ಕ ನೋಡಿ ನಿನ್ನ ಲೆಕ್ಕ ಹಾಕಬೇಡ.

ನಾಳೆ ಬೆಳಿಗ್ಗೆ ಶಾಲೆಗೆ ಹೋಗು. ಒಂದರಿಂದ ಹತ್ತರವರೆಗೆ ಎಲ್ಲಿ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ ಎಂಬ ಪ್ರಮಾಣಪತ್ರ ಬರೆಸಿಕೊಂಡು, ಬಿಇಒ ಕಚೇರಿಯ ಸಹಿ ಹಾಕಿಸು. ನಾಡಕಚೇರಿಯಲ್ಲಿ ಜಾತಿ, ಆದಾಯದ ಪತ್ರ ತಗೋ. ಆಮೇಲೆ ಒಂದು ಹಾಳೆಯ ಮೇಲೆ ನಿನಗೆ ಇಷ್ಟವಾದ ಮೂರು ಕೆಲಸ ಬರೆದು, ಪ್ರತಿಯೊಂದರ ಮುಂದೆ ಅದು ಕೇಳುವ ಓದು ಬರೆ. ಗೊತ್ತಾಗದಿದ್ದಲ್ಲಿ ಖಾಲಿ ಬಿಡು. ಆ ಹಾಳೆ ಹಿಡಿದು ಸಂಜೆ ನಮ್ಮ ಜಗಲಿಗೆ ಬಾ, ಅಪ್ಪನನ್ನೂ ಅವ್ವನನ್ನೂ ಕರೆದುಕೊಂಡು ಬಾ.